ಖಾತೆಯಲ್ಲಿ 14 ಲಕ್ಷ ಇದೆ, ರಸ್ತೆಗೆ ಮಾತ್ರ ಬರುವುದಿಲ್ಲ ಅನ್ನುತ್ತಾರೆ: ಈ ದುಡ್ಡು ಯಾರದು?

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಸದಸ್ಯೆ. ನನ್ನ ವಾರ್ಡಿನಲ್ಲಿ 180 ಮೀಟರ್ ಉದ್ದದ ಒಂದು ಬೀದಿಗೆ ಕಾಂಕ್ರೀಟ್ ರಸ್ತೆ ಬೇಕು. ಮಳೆಗಾಲದಲ್ಲಿ ಮಕ್ಕಳು ಕೆಸರಲ್ಲೇ ಶಾಲೆಗೆ ಹೋಗುತ್ತಾರೆ. ಸಾಮಾನ್ಯ ಸಭೆಯಲ್ಲಿ ಠರಾವು ಆಗಿದೆ. 15ನೇ ಹಣಕಾಸು ಆಯೋಗದ ಖಾತೆಯಲ್ಲಿ 14 ಲಕ್ಷ ರೂಪಾಯಿ ಇದೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿದರೆ ‘15ನೇ ಹಣಕಾಸು ರಸ್ತೆಗೆ ಬರಲ್ಲ’ ಅನ್ನುತ್ತಾರೆ. ತಾಲ್ಲೂಕು ಪಂಚಾಯಿತಿಯಲ್ಲಿ ‘ಕೇಂದ್ರದ ನಿಯಮ, ನಾವೇನೂ ಮಾಡೋಕಾಗಲ್ಲ’ ಅಂದರು. ಶಾಸಕರ ಕಚೇರಿಯಲ್ಲಿ ‘ಅದು ನಿಮ್ಮ ಪಂಚಾಯಿತಿದೇ ದುಡ್ಡು, ನೀವೇ ಮಾಡ್ಕೊಳ್ಳಿ’ ಅಂದರು. ಯಾರು ಹೇಳುವುದು ನಿಜ?

ಉತ್ತರ: ಮೂವರೂ ಅರ್ಧರ್ಧ ನಿಜ ಹೇಳಿದ್ದಾರೆ. ದುಡ್ಡು ನಿಮ್ಮ ಪಂಚಾಯಿತಿಯದೇ. ಆದರೆ ಯಾವುದಕ್ಕೆ ಎಷ್ಟು ಎಂದು ಚೀಟಿ ಅಂಟಿಸಿಯೇ ಕಳಿಸಿದ್ದಾರೆ. ಆ ಚೀಟಿಯ ಒಳಗೆ ಯಾವ ಬೀದಿ, ಯಾವ ಕೆಲಸ ಎಂದು ತೀರ್ಮಾನಿಸುವ ಅಧಿಕಾರ ಪೂರ್ತಿ ನಿಮ್ಮದು. ‘15ನೇ ಹಣಕಾಸು ರಸ್ತೆಗೆ ಬರಲ್ಲ’ ಎಂಬ ಮಾತು ಮಾತ್ರ ತಪ್ಪು. ಅದರಲ್ಲಿ ಒಂದು ಪಾಲು ರಸ್ತೆಗೆ ಖಂಡಿತ ಬರುತ್ತದೆ.

ಲೆಕ್ಕ ಹೀಗೆ. 2021ರಿಂದ 26ರವರೆಗಿನ ಐದು ವರ್ಷಕ್ಕೆ 15ನೇ ಹಣಕಾಸು ಆಯೋಗ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ 2,36,805 ಕೋಟಿ ರೂಪಾಯಿ ಶಿಫಾರಸು ಮಾಡಿತು. ಇದರಲ್ಲಿ ಶೇ 40 ಅನಿರ್ಬಂಧಿತ, ಶೇ 60 ನಿರ್ಬಂಧಿತ. ಕಚೇರಿಗಳಲ್ಲಿ ‘ಅನ್‌ಟೈಡ್’, ‘ಟೈಡ್’ ಎಂದು ಕರೆಯುವುದು ಇವನ್ನೇ. ನಿರ್ಬಂಧಿತದ ಅರ್ಧ, ಅಂದರೆ ಒಟ್ಟು ಹಣದ ಶೇ 30, ಕುಡಿಯುವ ನೀರು, ಮಳೆ ನೀರು ಸಂಗ್ರಹ ಮತ್ತು ನೀರಿನ ಮರುಬಳಕೆಗೆ. ಇನ್ನರ್ಧ ನೈರ್ಮಲ್ಯಕ್ಕೆ ಮತ್ತು ಬಯಲು ಶೌಚಮುಕ್ತ ಸ್ಥಿತಿ ಕಾಪಾಡುವುದಕ್ಕೆ. ಕಸ ವಿಲೇವಾರಿ, ಶೌಚಗುಂಡಿ ತ್ಯಾಜ್ಯದ ನಿರ್ವಹಣೆ ಇದರೊಳಗೇ ಬರುತ್ತವೆ. ಪಂಚಾಯಿತಿಗೆ ವರ್ಷಕ್ಕೆ 30 ಲಕ್ಷ ಬಂತೆಂದುಕೊಳ್ಳಿ. 12 ಲಕ್ಷ ಅನಿರ್ಬಂಧಿತ, 9 ಲಕ್ಷ ನೀರಿಗೆ, 9 ಲಕ್ಷ ನೈರ್ಮಲ್ಯಕ್ಕೆ. ಆ 12 ಲಕ್ಷವನ್ನು ಸಂವಿಧಾನದ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಯಾವುದಕ್ಕೆ ಬೇಕಾದರೂ ಬಳಸಬಹುದು. ರಸ್ತೆ ಆ ಪಟ್ಟಿಯಲ್ಲಿದೆ. ಸಂಬಳಕ್ಕೆ ಮತ್ತು ಸಿಬ್ಬಂದಿ, ಕಚೇರಿ ವೆಚ್ಚಕ್ಕೆ ಮಾತ್ರ ಮುಟ್ಟುವಂತಿಲ್ಲ.

ಹಾಗಾದರೆ ಪಿಡಿಒ ಯಾಕೆ ಹಾಗೆ ಹೇಳಿದರು? ಬಹುಶಃ ನಿಮ್ಮ ಖಾತೆಯಲ್ಲಿ ಉಳಿದಿರುವ 14 ಲಕ್ಷದಲ್ಲಿ ಹೆಚ್ಚಿನ ಪಾಲು ನಿರ್ಬಂಧಿತ ಹಣ. ಎಲ್ಲ ಸದಸ್ಯರೂ ಮೊದಲು ಕೇಳುವುದು ರಸ್ತೆ, ಬೀದಿ ದೀಪ, ಕಟ್ಟಡ ದುರಸ್ತಿ. ಅನಿರ್ಬಂಧಿತ ಪಾಲು ವರ್ಷದ ಮೊದಲಲ್ಲೇ ಕರಗಿಹೋಗುತ್ತದೆ. ನೀರು, ನೈರ್ಮಲ್ಯದ ಹಣ ಕೆಳಗೆ ಉಳಿಯುತ್ತದೆ. ಪಾಸ್‌ಬುಕ್ಕಿನಲ್ಲಿ ಕಾಣುವುದು ಒಂದೇ ಮೊತ್ತವಾದ್ದರಿಂದ ‘ಇಷ್ಟು ದುಡ್ಡಿದ್ದೂ ಕೊಡುತ್ತಿಲ್ಲ’ ಎಂದು ಜಗಳ ಶುರುವಾಗುತ್ತದೆ. ಆದ್ದರಿಂದ ಮೊದಲು ಕೇಳಬೇಕಾದದ್ದು ‘ಎಷ್ಟಿದೆ’ ಎಂದಲ್ಲ, ‘ಯಾವ ಬಾಬ್ತಿನಲ್ಲಿ ಎಷ್ಟಿದೆ’ ಎಂದು. ನಗದು ಪುಸ್ತಕದ ಬಾಬ್ತುವಾರು ಶಿಲ್ಕು, ಅಂದರೆ ಉಳಿದಿರುವ ಮೊತ್ತ, ಬರೆದು ಕೊಡಲು ಕೇಳಿ. ಹಿಂದಿನ ವರ್ಷಗಳ ಉಳಿಕೆಯನ್ನೂ ಬ್ಯಾಂಕ್ ಬಡ್ಡಿಯನ್ನೂ ಬೇರೆ ಬೇರೆ ತೋರಿಸಲಿ. ಅದಕ್ಕೂ ಮೊದಲು ನೀವೇ ಒಮ್ಮೆ ಪಂಚಾಯಿತಿಗಳ ಯೋಜನೆ, ಲೆಕ್ಕ ದಾಖಲಾಗುವ ಇ-ಗ್ರಾಮಸ್ವರಾಜ್ ಜಾಲತಾಣ ನೋಡಿ. ರಾಜ್ಯ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಆರಿಸಿದರೆ ಯೋಜನೆವಾರು ಜಮಾ-ಖರ್ಚು, ಅಪ್‌ಲೋಡ್ ಆದ ಕಾಮಗಾರಿಗಳ ಪಟ್ಟಿ ಎರಡೂ ಕಾಣುತ್ತವೆ. ಪಾಸ್‌ವರ್ಡ್ ಬೇಡ, ಯಾರ ಅನುಮತಿಯೂ ಬೇಡ.

ಈ ಚೀಟಿ ಅಂಟಿಸುವ ಅಧಿಕಾರ ಎಲ್ಲಿಂದ ಬಂತು ಎಂಬುದು ಗೊತ್ತಿದ್ದರೆ ಯಾರನ್ನು ಏನು ಕೇಳಬೇಕು ಎಂಬುದೂ ತಿಳಿಯುತ್ತದೆ. 1993ರ ಏಪ್ರಿಲ್ 24ರಂದು ಜಾರಿಗೆ ಬಂದ 73ನೇ ತಿದ್ದುಪಡಿ ಸಂವಿಧಾನದ 280ನೇ ವಿಧಿಗೆ ಒಂದು ಉಪಖಂಡ ಸೇರಿಸಿತು. ಅದರಂತೆ, ಪಂಚಾಯಿತಿಗಳ ಸಂಪನ್ಮೂಲಕ್ಕೆ ಪೂರಕವಾಗಿ ರಾಜ್ಯದ ಸಂಚಿತ ನಿಧಿಯನ್ನು ಹೇಗೆ ಹೆಚ್ಚಿಸಬೇಕೆಂದು ಕೇಂದ್ರ ಹಣಕಾಸು ಆಯೋಗ ಸಲಹೆ ಕೊಡಬೇಕು. ಇಲ್ಲಿ ‘ರಾಜ್ಯದ ಸಂಚಿತ ನಿಧಿ’ ಎಂಬ ಮಾತನ್ನು ಗಮನಿಸಿ. ದೆಹಲಿಯಿಂದ ಹಣ ನೇರ ನಿಮ್ಮ ಖಾತೆಗೆ ಬರುವುದಿಲ್ಲ, ಬೆಂಗಳೂರಿನ ಖಜಾನೆ ಹಾದು ಬರುತ್ತದೆ. ಹಾದು ಬರುವಾಗ ರಾಜ್ಯ ಅದನ್ನು ಇಟ್ಟುಕೊಳ್ಳುವಂತಿಲ್ಲ. ಕೇಂದ್ರದಿಂದ ಬಂದ 10 ಕೆಲಸದ ದಿನಗಳೊಳಗೆ ಪಂಚಾಯಿತಿಗಳಿಗೆ ವರ್ಗಾಯಿಸಬೇಕು. ತಡವಾದರೆ ಅಷ್ಟು ದಿನದ ಬಡ್ಡಿಯನ್ನು ರಾಜ್ಯ ತನ್ನ ಕೈಯಿಂದ ಸೇರಿಸಿ ಕೊಡಬೇಕು. ಮೂರು ಹಂತಗಳ ನಡುವೆ ಹಂಚುವಾಗ ರಾಜ್ಯಕ್ಕೆ ಸ್ವಲ್ಪ ಸ್ವಾತಂತ್ರ್ಯ ಇತ್ತು: ಗ್ರಾಮ ಪಂಚಾಯಿತಿಗೆ ಶೇ 70ರಿಂದ 85, ತಾಲ್ಲೂಕಿಗೆ 10ರಿಂದ 25, ಜಿಲ್ಲೆಗೆ 5ರಿಂದ 15. ಕರ್ನಾಟಕ ಆರಿಸಿಕೊಂಡದ್ದು 85, 10, 5. ನಿಮ್ಮ ಮಟ್ಟಿಗೆ ಇದು ಒಳ್ಳೆಯ ಆಯ್ಕೆ.

ಹಣ ಬರುವುದಕ್ಕೆ ಷರತ್ತುಗಳೂ ಇದ್ದವು. ಹಿಂದಿನ ವರ್ಷದ ತಾತ್ಕಾಲಿಕ ಲೆಕ್ಕ, ಅದರ ಹಿಂದಿನ ವರ್ಷದ ಲೆಕ್ಕಪರಿಶೋಧನೆ ಆದ ಲೆಕ್ಕ, ಎರಡೂ ಸಾರ್ವಜನಿಕರಿಗೆ ಕಾಣುವಂತೆ ಆನ್‌ಲೈನ್‌ನಲ್ಲಿರಬೇಕು. ಚುನಾಯಿತ ಮಂಡಳಿ ಇರಬೇಕು. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಹೋದದ್ದರ ನಿಜವಾದ ನಷ್ಟ ಇರುವುದು ಇಲ್ಲಿ. ಮೇಲಿನ ಎರಡು ಹಂತದಲ್ಲಿ ಜನಪ್ರತಿನಿಧಿಗಳಿಲ್ಲ ಎಂಬುದರ ಜತೆಗೆ ಅವರ ಪಾಲಿನ ಅನುದಾನಕ್ಕೂ ಅರ್ಹತೆ ತಪ್ಪುತ್ತದೆ. ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬ್ ಅವರ ಕಾಲದಲ್ಲಿ, 1983ರ ಕಾಯ್ದೆಯಡಿ ಜಿಲ್ಲಾ ಪರಿಷತ್ತು ಕಟ್ಟಿ ದೇಶಕ್ಕೆ ದಾರಿ ತೋರಿಸಿದ ರಾಜ್ಯದಲ್ಲಿ ಹೀಗಾಗಿರುವುದು ದುಃಖದ ಸಂಗತಿ.

ಇನ್ನು ನಿಮ್ಮ ಬೀದಿಗೆ ಬರೋಣ.

ಮೊದಲ ಪ್ರಶ್ನೆ: ಆ ರಸ್ತೆ ಯಾರದು? ಊರೊಳಗಿನ ಬೀದಿಯಾದರೆ ಪಂಚಾಯಿತಿಯದು. ಊರಿನ ನಡುವೆ ಹಾದುಹೋಗುವ ದೊಡ್ಡ ರಸ್ತೆಯಾದರೆ ಅದು ಲೋಕೋಪಯೋಗಿ ಇಲಾಖೆಯ ಜಿಲ್ಲಾ ಮುಖ್ಯ ರಸ್ತೆಯೋ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ ಪಟ್ಟಿಯ ಗ್ರಾಮೀಣ ರಸ್ತೆಯೋ ಆಗಿರಬಹುದು. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾಗಿದ್ದರೆ ಮೊದಲ ಐದು ವರ್ಷ ನಿರ್ವಹಣೆ ಮಾಡಬೇಕಾದವರು ಅದನ್ನು ಕಟ್ಟಿದ ಗುತ್ತಿಗೆದಾರರೇ. ಬೇರೆಯವರ ರಸ್ತೆಗೆ ಪಂಚಾಯಿತಿ ದುಡ್ಡು ಹಾಕಿದರೆ ಆಡಿಟ್‌ನಲ್ಲಿ ಆಕ್ಷೇಪಣೆ ಬರುತ್ತದೆ. ಕಿರಿಯ ಎಂಜಿನಿಯರ್ ಹತ್ತಿರ ರಸ್ತೆ ಪಟ್ಟಿ ಇರುತ್ತದೆ, ಒಂದೇ ದಿನದಲ್ಲಿ ತಿಳಿಯುತ್ತದೆ.

ಬೀದಿ ಪಂಚಾಯಿತಿಯದೇ ಎಂದಿಟ್ಟುಕೊಳ್ಳೋಣ. 180 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪ ಎಂದರೆ 81 ಘನ ಮೀಟರ್ ಕಾಂಕ್ರೀಟ್. ಘನ ಮೀಟರಿಗೆ ಸುಮಾರು 8 ಚೀಲದ ಲೆಕ್ಕದಲ್ಲಿ ಸಿಮೆಂಟ್ ಒಂದೇ ಸುಮಾರು 650 ಚೀಲ. ಕೆಳಗಿನ ಹಾಸು ಬೇರೆ. ಇಷ್ಟು ಹಾಕಿದ ಮೇಲೆ ಆರು ತಿಂಗಳಿಗೆ ನಳದ ಪೈಪ್ ಒಡೆದು ರಸ್ತೆ ಅಗೆಯುವುದನ್ನು ಎಷ್ಟೋ ಊರುಗಳಲ್ಲಿ ನೋಡುತ್ತೇವೆ. ಕೆಸರಿಗೆ ಕಾರಣವೂ ಹೆಚ್ಚಿನ ಬೀದಿಗಳಲ್ಲಿ ಮಳೆಯೊಂದೇ ಅಲ್ಲ, ಮನೆಗಳ ಬಚ್ಚಲು ನೀರು. ಬೀದಿಯಲ್ಲಿ 40 ಮನೆ, ಮನೆಗೆ 5 ಜನ, ತಲೆಗೆ ದಿನಕ್ಕೆ 55 ಲೀಟರ್ ನಳದ ನೀರು ಎಂದರೆ ದಿನಕ್ಕೆ 11,000 ಲೀಟರ್. ಅದರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು, ಅಂದರೆ 7,000 ಲೀಟರ್ ಮೇಲೆ, ಬಚ್ಚಲು ಮತ್ತು ಅಡುಗೆಮನೆಯಿಂದ ಬೀದಿಗೆ ಬರುತ್ತದೆ. ಇದಕ್ಕೆ ದಾರಿ ಮಾಡದೆ ಕಾಂಕ್ರೀಟ್ ಹಾಕಿದರೆ ಕೆಸರು ಪಕ್ಕದ ಬೀದಿಗೆ ಹೋಗುತ್ತದೆ ಅಷ್ಟೆ.

ಆದ್ದರಿಂದ ಈ ಬೀದಿಯನ್ನು ಒಂದು ರಸ್ತೆ ಕಾಮಗಾರಿ ಎಂದು ನೋಡಬೇಡಿ. ಮೂರು ಕಾಮಗಾರಿ ಎಂದು ನೋಡಿ. ಹಳೆ ಪೈಪ್ ಬದಲಿಸಿ ಬೀದಿಯ ಅಂಚಿಗೆ ಸರಿಸುವುದು ನಿರ್ಬಂಧಿತದ ಕುಡಿಯುವ ನೀರಿನ ಬಾಬ್ತಿಗೆ ಬರುತ್ತದೆ. ಅದೇ ಎಸ್ಟಿಮೇಟ್‌ನಲ್ಲಿ ರಸ್ತೆಗೆ ಅಡ್ಡಲಾಗಿ ಅಲ್ಲಲ್ಲಿ ಖಾಲಿ ಕೇಸಿಂಗ್ ಪೈಪ್ ಹೂಳಿಸಿ. ಮುಂದೆ ಹೊಸ ಮನೆಗೆ ನಳ ಕೊಡುವಾಗ ಕಾಂಕ್ರೀಟ್ ಕತ್ತರಿಸಬೇಕಾಗಿಲ್ಲ. ಬಚ್ಚಲು ನೀರಿನ ಚರಂಡಿ ಮತ್ತು ಅದರ ಕೊನೆಯಲ್ಲಿ ಇಂಗು ಗುಂಡಿ ಅಥವಾ ಸಂಸ್ಕರಣಾ ಘಟಕ ನೈರ್ಮಲ್ಯದ ಬಾಬ್ತಿಗೆ. ಮೇಲಿನ ಕಾಂಕ್ರೀಟ್ ಹಾಸು ಅನಿರ್ಬಂಧಿತ ಬಾಬ್ತಿಗೆ, ಇಲ್ಲವೇ ಪಂಚಾಯಿತಿಯ ಸ್ವಂತ ನಿಧಿಗೆ. ಕೆಲಸ ನಡೆಯುವ ಕ್ರಮವೂ ಇದೇ ಇರಲಿ: ಪೈಪ್, ಚರಂಡಿ, ಆಮೇಲೆ ರಸ್ತೆ. ಈಗ ನಿಮ್ಮ 14 ಲಕ್ಷದಲ್ಲಿ ಎರಡು ಕೆಲಸ ಶುರುವಾಗುತ್ತದೆ. ಮುಂದಿನ ಅನಿರ್ಬಂಧಿತ ಕಂತಿನಲ್ಲಿ ಮೂರನೆಯದನ್ನು ಮೊದಲ ಸಾಲಿಗೆ ಬರೆಸಿಕೊಳ್ಳಬಹುದು.

ಇಲ್ಲಿ ಒಂದು ಎಚ್ಚರಿಕೆ. ‘ಚರಂಡಿ ಸಹಿತ ಕಾಂಕ್ರೀಟ್ ರಸ್ತೆ’ ಎಂದು ಹೆಸರಿಟ್ಟು ಪೂರ್ತಿ ಮೊತ್ತವನ್ನು ನೈರ್ಮಲ್ಯಕ್ಕೆ ತೋರಿಸಿ ಎಂದು ಯಾರಾದರೂ ಉಪಾಯ ಹೇಳಬಹುದು. ಬೇಡ. ಎಸ್ಟಿಮೇಟ್‌ನಲ್ಲಿ ಎಷ್ಟು ಘನ ಮೀಟರ್ ಎಲ್ಲಿಗೆ ಹೋಗಿದೆ ಎಂಬುದು ಎಂಬಿಯಲ್ಲಿ, ಅಂದರೆ ಅಳತೆ ಪುಸ್ತಕದಲ್ಲಿ, ಬಿಡಿಬಿಡಿಯಾಗಿ ದಾಖಲಾಗಿರುತ್ತದೆ. ಆಡಿಟರ್ ಅದನ್ನೇ ಮೊದಲು ತೆರೆಯುವುದು. ಬಾಬ್ತು ಬದಲಿಸಿ ಖರ್ಚು ಮಾಡಿದ್ದು ಕಂಡರೆ ಸಹಿ ಹಾಕಿದ ಪಿಡಿಒ ಮತ್ತು ಅಧ್ಯಕ್ಷರ ಮೇಲೆ ವಸೂಲಾತಿಗೆ ಬರೆಯುತ್ತಾರೆ. ಕೊನೆಯಲ್ಲಿ ಇಂಗು ಗುಂಡಿಯೋ ಸಂಸ್ಕರಣೆಯೋ ಇಲ್ಲದ ಬರೀ ರಸ್ತೆ ಬದಿಯ ಮಳೆ ನೀರಿನ ಚರಂಡಿಗೂ ಇದೇ ಗತಿ. ಪಿಡಿಒಗಳು ‘ಆಗಲ್ಲ’ ಎಂದು ಒಂದೇ ಮಾತಲ್ಲಿ ಮುಗಿಸುವುದರ ಹಿಂದೆ ಬಹಳ ಸಲ ಈ ಭಯ ಇರುತ್ತದೆ. ಅದನ್ನು ಅಸಡ್ಡೆ ಎಂದುಕೊಂಡರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ನೀರು ಅಥವಾ ನೈರ್ಮಲ್ಯ ಎರಡರಲ್ಲಿ ಒಂದರ ಅಗತ್ಯ ನಿಮ್ಮ ಪಂಚಾಯಿತಿಯಲ್ಲಿ ಪೂರ್ತಿ ತೀರಿದ್ದರೆ ಆ ಹಣವನ್ನು ಇನ್ನೊಂದಕ್ಕೆ ಬಳಸಲು ಅವಕಾಶವಿದೆ. ಇದು ಅನೇಕ ಸದಸ್ಯರಿಗೆ ಗೊತ್ತಿಲ್ಲ. ‘ಈ ಬಾಬ್ತಿನಲ್ಲಿ ನಮಗೆ ಇನ್ನೇನೂ ಬಾಕಿ ಇಲ್ಲ’ ಎಂದು ಗ್ರಾಮ ಸಭೆ ದೃಢೀಕರಿಸಬೇಕು, ಮೇಲುಸ್ತುವಾರಿ ಅಧಿಕಾರಿ ಅಥವಾ ರಾಜ್ಯ ಸರ್ಕಾರ ಅದನ್ನು ಖಚಿತಪಡಿಸಬೇಕು. ಸಾಮಾನ್ಯ ಸಭೆಯ ಠರಾವು ಇದಕ್ಕೆ ಸಾಲದು. ಈ ಅದಲುಬದಲು ನೀರು ಮತ್ತು ನೈರ್ಮಲ್ಯದ ನಡುವೆ ಮಾತ್ರ, ಅಲ್ಲಿಂದ ರಸ್ತೆಗೆ ದಾಟುವುದಿಲ್ಲ ಎಂಬುದೂ ನೆನಪಿರಲಿ.

ನಿಮ್ಮ ಠರಾವಿನ ವಿಷಯ. ಠರಾವು ಆದ ಮಾತ್ರಕ್ಕೆ ಹಣ ಬಿಡುಗಡೆ ಆಗುವುದಿಲ್ಲ, ಏಕೆಂದರೆ ಪಾವತಿ ನಡೆಯುವ ತಂತ್ರಾಂಶಕ್ಕೆ ನಿಮ್ಮ ನಡವಳಿ ಪುಸ್ತಕ ಕಾಣುವುದಿಲ್ಲ. ಅದಕ್ಕೆ ಕಾಣುವುದು ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಅಪ್‌ಲೋಡ್ ಆದ ಕಾಮಗಾರಿ ಮಾತ್ರ. ವಾರ್ಡ್ ಸಭೆಯಲ್ಲಿ ಬೇಡಿಕೆ, ಗ್ರಾಮ ಸಭೆಯಲ್ಲಿ ಆದ್ಯತೆ, ಸಾಮಾನ್ಯ ಸಭೆಯಲ್ಲಿ ಅನುಮೋದನೆ, ನಂತರ ಇ-ಗ್ರಾಮಸ್ವರಾಜ್‌ಗೆ ನಮೂದು. ಈ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದರೂ ಬಿಲ್ ತಯಾರಾಗುವುದಿಲ್ಲ. ಗ್ರಾಮ ಸಭೆಗೆ ಕೋರಂ ಇಲ್ಲದಿದ್ದರೂ ತೊಂದರೆ: ಮತದಾರರ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಮಂದಿ ಇರಲೇಬೇಕು. ನಿಮ್ಮ ಬೀದಿಯ ಹೆಸರು ಈ ವರ್ಷದ ಯೋಜನೆಯಲ್ಲಿ ಇಲ್ಲದಿದ್ದರೆ ಪೂರಕ ಯೋಜನೆಯಲ್ಲಿ ಸೇರಿಸಲು ಕೇಳಿ. ‘ಮುಂದಿನ ವರ್ಷ ನೋಡೋಣ’ ಎನ್ನುವುದಕ್ಕಿಂತ ಇದು ಬೇಗ.

ಪಾವತಿ ಹಂತದಲ್ಲಿ ನಿಲ್ಲುವ ಇನ್ನೊಂದು ಸಾಮಾನ್ಯ ಕಾರಣ ಡೋಂಗಲ್, ಅಂದರೆ ಡಿಜಿಟಲ್ ಸಹಿ ಇರುವ, ಕಂಪ್ಯೂಟರಿಗೆ ಚುಚ್ಚುವ ಪುಟ್ಟ ಸಾಧನ. 15ನೇ ಹಣಕಾಸಿನ ಹಣಕ್ಕೆ ಚೆಕ್ ಬರೆಯುವಂತಿಲ್ಲ. ಇ-ಗ್ರಾಮಸ್ವರಾಜ್ ಮತ್ತು ಕೇಂದ್ರದ ಪಾವತಿ ತಂತ್ರಾಂಶವಾದ ಪಿಎಫ್‌ಎಂಎಸ್ ಮೂಲಕವೇ, ಎರಡು ಡಿಜಿಟಲ್ ಸಹಿಯೊಂದಿಗೇ ಹೋಗಬೇಕು. ಅಧ್ಯಕ್ಷರ ಅವಧಿ 30 ತಿಂಗಳು. ಹೊಸಬರು ಬಂದಾಗ, ಪಿಡಿಒ ವರ್ಗವಾದಾಗ, ಸಹಿಯ ಅವಧಿ ಮುಗಿದಾಗ ಹೊಸ ಡೋಂಗಲ್ ನೋಂದಣಿಯಾಗುವವರೆಗೆ ಎಲ್ಲ ಬಿಲ್ಲೂ ನಿಂತಿರುತ್ತದೆ. ಅಧಿಕಾರ ಬದಲಾದ ವಾರದಲ್ಲೇ ಈ ಕೆಲಸ ಮುಗಿಸಲು ಸಭೆಯಲ್ಲಿ ಒತ್ತಾಯಿಸಿ.

ಟೆಂಡರ್ ಬಗ್ಗೆ ಒಂದು ಮಾತು. ಸರ್ಕಾರಿ ಖರೀದಿ, ಗುತ್ತಿಗೆಗಳಿಗೆ ಅನ್ವಯಿಸುವ ರಾಜ್ಯದ ಪಾರದರ್ಶಕತೆ ಕಾಯ್ದೆಯಲ್ಲಿ 5 ಲಕ್ಷದವರೆಗಿನ ಕಾಮಗಾರಿಗೆ ಟೆಂಡರ್‌ನಿಂದ ವಿನಾಯಿತಿ ಇದೆ. ಆದ್ದರಿಂದ ಒಂದೇ ಬೀದಿಯನ್ನು 90 ಮೀಟರಿನ ಎರಡು ಭಾಗ ಮಾಡಿ ತುಂಡು ಗುತ್ತಿಗೆ ಕೊಡುವ ಆಸೆ ಹುಟ್ಟುತ್ತದೆ. ಟೆಂಡರ್ ತಪ್ಪಿಸಲು ಕೆಲಸ ಒಡೆಯುವುದು ಕಾಯ್ದೆಯ ಉಲ್ಲಂಘನೆ. ಪೈಪ್, ಚರಂಡಿ, ರಸ್ತೆ ಎಂದು ನಾನು ಹೇಳಿದ ವಿಂಗಡಣೆ ಬೇರೆ ಬೇರೆ ಸ್ವರೂಪದ ಕೆಲಸದ್ದು. ಅದರಲ್ಲೂ ಯಾವುದಾದರೂ ಒಂದು 5 ಲಕ್ಷ ಮೀರಿದರೆ ಅದಕ್ಕೆ ಟೆಂಡರ್ ಆಗಲೇಬೇಕು. ಗುತ್ತಿಗೆದಾರರು ‘ಬಿಲ್ ಕಡಿಮೆ ಬಂತು’ ಎಂದು ಕೆಲಸ ಅರ್ಧಕ್ಕೆ ಬಿಡದಂತೆ ಕಡಿತಗಳನ್ನು ಮೊದಲೇ ತಿಳಿಸಿ: ಕಾರ್ಮಿಕ ಕಲ್ಯಾಣ ಸೆಸ್ ಶೇ 1, ಆದಾಯ ತೆರಿಗೆ ವ್ಯಕ್ತಿಗಳಿಗೆ ಶೇ 1, ಗುತ್ತಿಗೆ ಎರಡೂವರೆ ಲಕ್ಷ ಮೀರಿದರೆ ಜಿಎಸ್‌ಟಿ ಬಿಟ್ಟ ಮೊತ್ತದ ಮೇಲೆ ಜಿಎಸ್‌ಟಿ ಟಿಡಿಎಸ್ ಶೇ 2, ಜತೆಗೆ ಜಲ್ಲಿ ಮತ್ತು ಮರಳಿನ ರಾಜಧನ.

ಕಾಂಕ್ರೀಟಿಗೆ ಅನಿರ್ಬಂಧಿತ ಹಣ ಸಿಗದಿದ್ದರೆ ಎರಡು ದಾರಿ ಉಳಿಯುತ್ತದೆ. ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿಯ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಇದೆ. ‘ನೀವೇ ಮಾಡ್ಕೊಳ್ಳಿ’ ಅಂದ ಕಚೇರಿಗೆ ಎಸ್ಟಿಮೇಟ್ ಪ್ರತಿ ಮತ್ತು ಠರಾವು ಲಗತ್ತಿಸಿ ‘ಪೈಪ್, ಚರಂಡಿ ನಮ್ಮದು, ಹಾಸು ನಿಮ್ಮದು’ ಎಂದು ಬರೆದುಕೊಡಿ. ಬರಿಗೈಯಲ್ಲಿ ಬಂದ ಮನವಿಗಿಂತ ಅರ್ಧ ಕೆಲಸ ಸಿದ್ಧವಿರುವ ಮನವಿಗೆ ಬೆಲೆ ಹೆಚ್ಚು. ಇನ್ನೊಂದು ದಾರಿ ನಿಮ್ಮದೇ ಕಂದಾಯ. ಚೀಟಿ ಕಡಿಮೆ ಇರುವ ದುಡ್ಡು ಇದೊಂದೇ. ಮನೆಯವರು 1,000 ರೂಪಾಯಿ ತೆರಿಗೆಗೆ 1,340 ಕಟ್ಟುತ್ತಾರೆ: ಆರೋಗ್ಯ ಕರ ಶೇ 15, ಶಿಕ್ಷಣ ಕರ 10, ಗ್ರಂಥಾಲಯ ಕರ 6, ಭಿಕ್ಷುಕರ ಕರ 3. ಆ 340 ಆಯಾ ಉದ್ದೇಶಕ್ಕೆ ಸಂಗ್ರಹಿಸಿದ ಹಣ, ಪಂಚಾಯಿತಿಯ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ. ಉಳಿದ 1,000ದಲ್ಲೂ ಪರಿಶಿಷ್ಟರಿಗೆ ಶೇ 25, ಅಂಗವಿಕಲರಿಗೆ ಶೇ 5 ಮೀಸಲು ತೆಗೆದಿಡಬೇಕು. ನೀರುಗಂಟಿಗಳ ಸಂಬಳದ ಬಾಕಿ ಇದ್ದರೆ ರಸ್ತೆಗಿಂತ ಮೊದಲು ಅದು ಹೋಗಲಿ. 15ನೇ ಹಣಕಾಸಿನಿಂದ ಅದನ್ನು ಕೊಡಲಾಗದು. ವಾರ್ಡಿನ ಬಾಕಿದಾರರ ಪಟ್ಟಿ ಬಿಲ್ ಕಲೆಕ್ಟರ್ ಹತ್ತಿರ ಇರುತ್ತದೆ. ನಿಮ್ಮ ಬೀದಿಯ 40 ಮನೆಯ ಬಾಕಿ ಎಷ್ಟು ಎಂದು ನೋಡಿ, ವಾರ್ಡ್ ಸಭೆಯಲ್ಲಿ ಓದಿ ಹೇಳಿ.

ಇಷ್ಟಾದ ಮೇಲೂ ‘ಆಗಲ್ಲ’ ಎಂದರೆ ಬಾಯಿಮಾತಿಗೆ ಒಪ್ಪಬೇಡಿ. ತಾಲ್ಲೂಕು ಪಂಚಾಯಿತಿ ನಿಮ್ಮ ಪಂಚಾಯಿತಿಯ ಯಜಮಾನನಲ್ಲ. ಠರಾವು ಕಾನೂನಿಗೆ ವಿರುದ್ಧ ಎನಿಸಿದರೆ ಅಮಾನತಿನಲ್ಲಿಡಲು ಪಂಚಾಯತ್ ರಾಜ್ ಕಾಯ್ದೆಯಲ್ಲಿ ಅವಕಾಶ ಇದೆ, ಆದರೆ ಅದಕ್ಕೆ ಕಾರಣ ಬರೆದ ಆದೇಶ ಬೇಕು. ಪಿಡಿಒ ಅವರ ಆಕ್ಷೇಪ ಏನೆಂದು ಸಭೆಯ ನಡವಳಿಯಲ್ಲೇ ಬರೆಸಿ: ಬಾಬ್ತು ಹೊಂದುವುದಿಲ್ಲವೇ, ಯೋಜನೆಯಲ್ಲಿ ಇಲ್ಲವೇ, ತಾಂತ್ರಿಕ ಮಂಜೂರಾತಿ ಬಂದಿಲ್ಲವೇ, ಡೋಂಗಲ್ ಕೆಲಸ ಮಾಡುತ್ತಿಲ್ಲವೇ? ಈ ನಾಲ್ಕರಲ್ಲಿ ಯಾವುದು ಎಂದು ಗೊತ್ತಾದರೆ ಹೋಗಬೇಕಾದ ಕಚೇರಿಯೂ ಗೊತ್ತಾಗುತ್ತದೆ. ಬಾಬ್ತು ಮತ್ತು ಯೋಜನೆಯ ತೊಡಕು ನಿಮ್ಮ ಸಭೆಯಲ್ಲೇ ಬಗೆಹರಿಯುತ್ತದೆ. ಮಂಜೂರಾತಿಗೆ ಎಂಜಿನಿಯರಿಂಗ್ ಉಪವಿಭಾಗಕ್ಕೆ ಹೋಗಬೇಕು, ಡೋಂಗಲ್‌ಗೆ ತಾಲ್ಲೂಕು ಪಂಚಾಯಿತಿಗೆ. ನಡವಳಿಯಲ್ಲಿ ಬರೆಯಲು ಒಪ್ಪದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ. ಉತ್ತರಕ್ಕೆ 30 ದಿನದ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ‘15ನೇ ಹಣಕಾಸು ಅನುದಾನದ ಬಾಬ್ತುವಾರು ಆರಂಭಿಕ ಶಿಲ್ಕು, ಜಮಾ, ಖರ್ಚು, ಅಂತಿಮ ಶಿಲ್ಕು’ ಎಂದು ಒಂದು ಸಾಲು, ಯಾವ ವರ್ಷದ್ದು ಎಂದು ಇನ್ನೊಂದು ಸಾಲು ಬರೆದರೆ ಸಾಕು.